ಸ್ಥಳ ಪರಿಶೀಲಿಸಲಾಗಿದೆ

ಹುಲ್ಲಗಟ್ಟಿ,
ಮಿರಗ ಮಳೆಯ ಮೂವತ್ತೆರಡನೆಯ ದಿನ, ನಿಮ್ಮ ಲೆಕ್ಕದಲ್ಲಿ ಇಸವಿ ೨೨೧೯

ಹುಲ್ಲಗಟ್ಟಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಾದ ಶ್ರೀ ಚನ್ನವೀರಪ್ಪ ಕಡ್ಲಿಕೊಪ್ಪ ಅವರಿಗೆ, ಅದೇ ಊರಿನ ಹಗ್ಗದ ಕಚೇರಿಯ ಅಧಿಕಾರಿ ಶಿವರುದ್ರಪ್ಪನ ನಮಸ್ಕಾರಗಳು.

ಮಿರಗ ಮಳೆಗೆ ಇರುವುದೇ ಹದಿನಾಲ್ಕು ದಿನ, ಮೂವತ್ತೆರಡನೆಯದು ಎಲ್ಲಿಂದ ಬಂತು ಎಂದು ತಾವು ಮೊದಲ ಸಾಲಿಗೇ ಆಕ್ಷೇಪಣೆ ತೆಗೆಯಬಹುದು. ನಮ್ಮ ಕಾಲದಲ್ಲಿ ಅದು ನಲವತ್ತು ದಿನ ಹಿಡಿಯುತ್ತದೆ. ಪಂಚಾಂಗದವರು ಬಹಳ ವರ್ಷ ಒದ್ದಾಡಿ ಕೊನೆಗೆ ಮಳೆಗೇ ಸೋತು ಲೆಕ್ಕ ತಿದ್ದಿಕೊಂಡರು. ಈ ಪತ್ರದ ಕೆಲವು ಮಾತುಗಳೂ ತಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಡತಗಳಿಂದ. ಆದ್ದರಿಂದ ‘ಸದರಿ’, ‘ಮೇಲ್ಕಾಣಿಸಿದ’ ಎಂಬ ಪದಗಳು ನುಗ್ಗಿ ಬರದಂತೆ ತಡೆಯುವುದೇ ನನಗೆ ದೊಡ್ಡ ಕೆಲಸವಾಗಿದೆ. ಇದನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ಇವತ್ತಿಗೂ ಉಳಿದಿರುವ ಹಳೆಯ ಕಡತವೊಂದರ ಒಳಕ್ಕೆ ಮಾತ್ರ. ಹೆಚ್ಚಿನವರು ಸತ್ತ ತಾಯಿಗೋ ಅಜ್ಜನಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಿದ್ದರಂತೆ. ನಮ್ಮಲ್ಲಿ ಕಟ್ಟುವುದು ನಲವತ್ತು ದಿನದ ಕೆಲಸ, ಪರವಾನಗಿ ತರುವುದರಲ್ಲಿ ಮನುಷ್ಯ ಹಣ್ಣಾಗುತ್ತಾನೆ. ಅರ್ಜಿ ಹಾಕಿದವರು ಮೊದಲು ಜಾಗದಲ್ಲಿ ಗೂಟ ನೆಟ್ಟು, ಗೋಡೆ ಬರುವಲ್ಲೆಲ್ಲ ಹಗ್ಗ ಬಿಗಿದು, ಮೇಲೊಂದು ತಾಡಪತ್ರಿ ಎಳೆದು, ಇಪ್ಪತ್ತೊಂದು ದಿನ ಅದರಲ್ಲೇ ಸಂಸಾರ ಮಾಡಬೇಕು. ಇದಕ್ಕೆ ಹಗ್ಗದ ಮನೆ ಎನ್ನುತ್ತೇವೆ. ಹಗ್ಗ ದಾಟುವುದು ಗೋಡೆ ಒಡೆದು ಬಂದಷ್ಟೇ ತಪ್ಪು, ಬಾಗಿಲೆಂದು ಬಿಟ್ಟ ಸಂದಿಯಲ್ಲೇ ಹೋಗಿ ಬರಬೇಕು. ಊರಿನವರು ಬಂದು ಕೂತು, ಒಲೆಯ ಹೊಗೆ ಯಾರ ಮನೆಗೆ ನುಗ್ಗುತ್ತದೆ, ಸಂಜೆಯ ನೆರಳು ಯಾರು ಒಣಗಲು ಹಾಕಿದ ಕಾಳಿನ ಮೇಲೆ ಬೀಳುತ್ತದೆ, ಬಚ್ಚಲ ನೀರು ಎತ್ತ ಹರಿಯುತ್ತದೆ ಎಂದು ನೋಡುತ್ತಾರೆ, ಚಹಾ ಕುಡಿಯುತ್ತಾರೆ, ಬೇಡದ ಸಲಹೆ ಕೊಡುತ್ತಾರೆ. ತಕರಾರು ಇದ್ದವರು ಹಗ್ಗಕ್ಕೆ ಒಂದು ಗಂಟು ಹಾಕಿ ಹೋಗುತ್ತಾರೆ. ಕೊನೆಯ ದಿನ ನಾನು ಹೋಗಿ ಒಂದೊಂದೇ ಗಂಟನ್ನು ವಿಚಾರಿಸಬೇಕು. ಬಿಚ್ಚಲಾಗದ ಗಂಟು ಒಂದು ಉಳಿದರೂ ಪರವಾನಗಿ ಇಲ್ಲ.

ನೆಲದ ವಿಷಯದ ಗಂಟು ಬಿಚ್ಚಲು ಎರಡೇ ದಾರಿ. ಒಂದು, ನೆಲಕ್ಕೆ ತೂತು ಕೊರೆದು ನೋಡುವ ಪರೀಕ್ಷೆ. ಅದರ ಯಂತ್ರ ಇಡೀ ತಾಲ್ಲೂಕಿಗೆ ಒಂದೇ, ಪಾಳಿ ಬರಲು ಹನ್ನೊಂದು ತಿಂಗಳು ಬೇಕು. ಇನ್ನೊಂದು, ಉಳಿಗಾಗದ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಯಂತ್ರಗಳೊಳಗೆ ಬರೆದಿಟ್ಟದ್ದೆಲ್ಲ ಒಂದೇ ವಾರದಲ್ಲಿ ಅಳಿಸಿಹೋಯಿತು. ಪಂಚಾಯಿತಿಗಳ ಕಬ್ಬಿಣದ ಕಪಾಟುಗಳಲ್ಲಿ ಗೆದ್ದಲಿಗೂ ಬೇಡವಾಗಿ ಬಿದ್ದಿದ್ದ ಕಾಗದಗಳಷ್ಟೇ ಉಳಿದವು, ಅವೇ ಉಳಿಗಾಗದ. ಬಾಯಿಮಾತಿನ ಮೇಲೆ ಒಬ್ಬರ ಹೊಲ ಇನ್ನೊಬ್ಬರದಾಗಿ, ಜನ ತಲೆ ಒಡೆದುಕೊಂಡ ಮೇಲೆ ಹಿರಿಯರು ಕಾನೂನು ಮಾಡಿದರು: ನೂರು ವರ್ಷ ಮೀರಿದ, ಸಹಿ ಮೊಹರು ಇರುವ ಕಾಗದದ ಮುಂದೆ ಯಾರ ಬಾಯಿಮಾತೂ ನಿಲ್ಲದು. ಅಮಾವಾಸ್ಯೆಗೆ ನಾವು ಆ ಕಪಾಟಿಗೆ ಕುಂಕುಮ ಹಚ್ಚುತ್ತೇವೆ. ಕೊನೆಯಲ್ಲಿ ಬಾಲ ಎಳೆದ ನಿಮ್ಮ ಸಹಿ ಈ ಊರಿನ ಶಾಲೆಯ ಮಕ್ಕಳಿಗೂ ಗುರುತಿದೆ. ತಮಗೆ ಇದು ನಗೆ ತರಿಸಬಹುದು.

ಈಗ ವಿಷಯಕ್ಕೆ ಬರುತ್ತೇನೆ. ಫಕೀರವ್ವ ಎಂಬವಳು ನಮ್ಮೂರಿನಲ್ಲಿ ಸುಣ್ಣ ಸುಡುವವಳು. ಇಪ್ಪತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಮಗಳು ಹುಲಿಗೆವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಭಟ್ಟಿಯ ಪಕ್ಕ ತಗಡಿನ ಮರೆ ಮಾಡಿಕೊಂಡು ಉಳಿದಳು. ಊರಿನ ಅರ್ಧ ಗೋಡೆಗಳ ಮೇಲಿರುವುದು ಅವಳ ಸುಣ್ಣ. ಆದರೂ ಊರ ನೀರಿನಲ್ಲಿ ಅವಳಿಗೆ ಪಾಲಿಲ್ಲ. ಪರವಾನಗಿ ಇರುವ ಸೂರಿನಡಿ ಹುಟ್ಟಿದವರಿಗೆ ಮಾತ್ರ ಪಾಲು ಎಂಬುದು ನಮ್ಮ ಕಾನೂನು. ಉಳಿದವರು ಎಲ್ಲರದೂ ಮುಗಿಯುವವರೆಗೆ ಕಾದು, ತಳದಲ್ಲಿ ಮಿಕ್ಕಿದ್ದನ್ನು ಹಿಡಿಯಬೇಕು. ಹೋದ ವರ್ಷ ಹುಲಿಗೆವ್ವ ಹೆರಿಗೆಗೆಂದು ತವರಿಗೆ ಬಂದಳು, ಏಳು ತಿಂಗಳು ತುಂಬಿತ್ತು. ಅಳಿಯನ ಕಡೆಯವರದೂ ತಗಡಿನ ಬದುಕೇ. ಮಾರನೆಯ ದಿನವೇ ಫಕೀರವ್ವ ನನ್ನ ಮೇಜಿನ ಮುಂದೆ ಅರ್ಜಿ ಇಟ್ಟಳು. “ನಂಗ ಸಾಯೂತನಾ ತಳದ ನೀರs ಸಾಕ್ರಿ ಸಾಹೇಬ್ರ. ನನ್ನ ಮೊಮ್ಮಗು ಮಾತ್ರ ಪಾಳಿಯೊಳಗ ಮುಂದ ನಿಂದರಬೇಕು,” ಎಂದಳು.

ಶಾಲೆಯ ಹಿಂದಿನ ಖಾಲಿ ಜಾಗವನ್ನು ಊರು ಅವಳಿಗೆ ಕೊಟ್ಟಿತು. ಅವಳು ಹಗ್ಗದ ಮನೆ ಹೂಡಿದ್ದನ್ನು ನೋಡುವುದೇ ಒಂದು ಚಂದ. ಅಡುಗೆ ಮನೆಯನ್ನು ಎರಡು ಸಲ ಜಾಗ ಬದಲಿಸಿದಳು. ಹಗ್ಗಕ್ಕೇ ಕನ್ನಡಿ ನೇತುಹಾಕಿದಳು. ನಾನು ಮರೆತು ಹಗ್ಗ ದಾಟಿ ಒಳಗೆ ಕಾಲಿಟ್ಟಾಗ “ಗ್ವಾಡಿ ಕಾಣವಲ್ದೇನ್ರಿ ಸಾಹೇಬ್ರ?” ಎಂದು ಗದರಿಸಿ, ನನ್ನನ್ನು ಸುತ್ತು ಹಾಕಿಸಿ ಬಾಗಿಲಿನಿಂದ ಬರಮಾಡಿಕೊಂಡಳು. ಇಪ್ಪತ್ತೊಂದನೆಯ ದಿನ ಹಗ್ಗದಲ್ಲಿ ಮೂರು ಗಂಟುಗಳಿದ್ದವು. ಬಚ್ಚಲ ನೀರಿನದು, ನೆರಳಿನದು, ಎರಡೂ ಅಲ್ಲೇ ಮಾತಾಡಿ ಮುಗಿದವು. ಮೂರನೆಯದು ಒಳಕೋಣೆಯ ಹಗ್ಗದ ಮೇಲಿತ್ತು, ಹಾಕಿದವಳು ಪಕ್ಕದ ಮನೆಯ ಸಂಕವ್ವ, ಎಂಬತ್ತು ದಾಟಿದ ಮುದುಕಿ. ಇಲ್ಲಿ ಬಾವಿ ಐತಿ, ಸಾಲಿ ಹಿಂದ ಬಾವಿ ಮುಚ್ಯಾರಂತ ನಮ್ಮವ್ವನ ಅಜ್ಜಿ ಹೇಳತಿದ್ದಳು ಎಂಬುದು ಅವಳ ತಕರಾರು. ನೆರೆದವರು ನಕ್ಕರು. ಕೋಳಿಗಳ ವಿಷಯಕ್ಕೆ ಸಂಕವ್ವನಿಗೂ ಫಕೀರವ್ವನಿಗೂ ಹಿಂದಿನ ವರ್ಷ ಆದ ಜಗಳ ಎಲ್ಲರಿಗೂ ನೆನಪಿತ್ತು.

ನಾನು ಕಚೇರಿಗೆ ಹೋಗಿ ಕಪಾಟಿಗೆ ಕೈಮುಗಿದು ನಿಮ್ಮ ಕಡತ ತಂದೆ. ನಿಮ್ಮ ಕಾಲದಲ್ಲಿ ಯಾರೋ ಅದೇ ಜಾಗದಲ್ಲಿ ಮನೆ ಕಟ್ಟಲು ಅರ್ಜಿ ಹಾಕಿದ್ದರು, ಆಮೇಲೆ ಕಟ್ಟಲಿಲ್ಲ. ಅದರಲ್ಲಿ ನೀವು ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ: ‘ಸದರಿ ಜಾಗವು ಖುಲ್ಲಾ ಇದ್ದು, ಬಾವಿ, ಹೊಂಡ ಇತ್ಯಾದಿ ಇರುವುದಿಲ್ಲ. ಸ್ಥಳ ಪರಿಶೀಲಿಸಲಾಗಿದೆ.’ ಕೆಳಗೆ ಸಹಿ, ಮೊಹರು. ಸಂಕವ್ವ ಕಾಗದವನ್ನು ಕೈಗೆ ತೆಗೆದುಕೊಂಡು ಸಹಿಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಅವರು ಬಂದು ನೋಡಿ ಬರದಾರಂದ್ರ ಮುಗೀತು ಬಿಡ್ರಿ. ನಮ್ಮ ಮುದುಕಿದs ತಪ್ಪಿರಬೇಕು,” ಎಂದು ಹೇಳಿ ತನ್ನ ಗಂಟನ್ನು ತಾನೇ ಬಿಚ್ಚಿದಳು. ನಾನು ಅಲ್ಲೇ ಸಹಿ ಹಾಕಿದೆ. ಯಾರೂ ನನಗೆ ಏನೂ ಕೊಟ್ಟಿರಲಿಲ್ಲ. ಮಗು ಹುಟ್ಟಲು ಎರಡು ತಿಂಗಳೂ ಉಳಿದಿರಲಿಲ್ಲ, ಪರೀಕ್ಷೆಗೆ ಹನ್ನೊಂದು ತಿಂಗಳು ಬೇಕಿತ್ತು, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಆ ದಿನ ಊಟ ರುಚಿಯಾಗಿತ್ತು.

ಮನೆ ಎದ್ದಿತು, ಅವಳೇ ಸುಣ್ಣ ಬಳಿದಳು. ಹೆಣ್ಣು ಮಗು ಹುಟ್ಟಿತು. ನಾಮಕರಣವಾದ ಮರುದಿನವೇ ಫಕೀರವ್ವ ಮೊಮ್ಮಗಳನ್ನು ಒಂದು ಕೈಯಲ್ಲೂ ಕೊಡವನ್ನು ಇನ್ನೊಂದು ಕೈಯಲ್ಲೂ ಹಿಡಿದು ನೀರಿನ ಪಾಳಿಯ ಮುಂದೆ ಹೋಗಿ ನಿಂತಳು. ಅವಳ ಜಂಬ ನೋಡಿ ಪಾಳಿಗೆ ಪಾಳಿಯೇ ನಕ್ಕು ದಾರಿ ಬಿಟ್ಟಿತು. ಅದಾಗಿ ಆರು ತಿಂಗಳು. ಈ ಮಳೆಯ ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಒಳಕೋಣೆಯ ನೆಲ ಕುಸಿಯಿತು. ತೊಟ್ಟಿಲು ಪಡಸಾಲೆಯಲ್ಲಿತ್ತು, ಹುಲಿಗೆವ್ವ ಅದರ ಹತ್ತಿರವಿದ್ದಳು. ಫಕೀರವ್ವ ಒಳಗೆ ಕೌದಿ ಮಡಿಸುತ್ತಿದ್ದಳು. ಬಾವಿ ನಾಲ್ಕು ಆಳು ಆಳವಿತ್ತು, ಕಲ್ಲು ಕಟ್ಟಿದ್ದು, ಮೆಟ್ಟಿಲೂ ಇದ್ದವು. ಅವಳನ್ನು ಮೇಲೆ ತರಲು ಎರಡು ದಿನ ಹಿಡಿಯಿತು, ನಿನ್ನೆ ಮಣ್ಣು ಮಾಡಿದೆವು. ನಾನು ಎರಡು ದಿನವೂ ಅಲ್ಲೇ ನಿಂತಿದ್ದೆ. ಇದನ್ನು ಕಚೇರಿಯ ಮಾತಿನಲ್ಲಿ ಹೇಗೆ ಬರೆಯಬೇಕೋ ತಿಳಿಯದು.

ಇವತ್ತು ಬೆಳಿಗ್ಗೆ ಕಪಾಟಿನ ಕಡತಗಳನ್ನೆಲ್ಲ ನೆಲಕ್ಕೆ ಹರವಿ ನೋಡಿದೆ, ಕೈಮುಗಿಯಲಿಲ್ಲ. ಅದೇ ತಾರೀಖಿನಲ್ಲಿ ನೀವು ಅರವತ್ಮೂರು ಕಡತಗಳಲ್ಲಿ ‘ಸ್ಥಳ ಪರಿಶೀಲಿಸಲಾಗಿದೆ’ ಎಂದು ಬರೆದಿದ್ದೀರಿ. ಜಾಗಗಳು ಇರುವುದು ಒಂಬತ್ತು ಹಳ್ಳಿಗಳಲ್ಲಿ. ಅಷ್ಟನ್ನೂ ಒಂದು ದಿನದಲ್ಲಿ ನೋಡಿ ಬರಲು ನಿಮಗೆ ರೆಕ್ಕೆ ಇರಲಿಲ್ಲ ಎಂದುಕೊಳ್ಳುತ್ತೇನೆ. ಬಯ್ಯಲು ಬರೆಯುತ್ತಿಲ್ಲ. ಮೇಲಿನವರ ಒತ್ತಡ ಇದ್ದಿರಬಹುದು, ಬಾಗಿಲಲ್ಲಿ ಜನ ಕಾಯುತ್ತಿದ್ದಿರಬಹುದು, ಅವರಲ್ಲೂ ಒಬ್ಬಳು ಬಸುರಿ ಇದ್ದಿರಬಹುದು. ನನ್ನ ಕಚೇರಿಯಿಂದ ಆ ಜಾಗಕ್ಕೆ ಇನ್ನೂರು ಹೆಜ್ಜೆ. ಮೂಲೆಯಲ್ಲಿ ಒಂದು ಹಾರೆ ಇದೆ. ಅದರಿಂದ ನಾಲ್ಕು ಸಲ ನೆಲಕ್ಕೆ ಕುಟ್ಟಿದ್ದರೆ ಪೊಳ್ಳು ಸದ್ದು ಕೇಳುತ್ತಿತ್ತು. ಚಹಾ ಕುಡಿಯಲು ಐದು ಸಲ ಹೋದವನು ಹಾರೆ ಒಯ್ಯಲಿಲ್ಲ.

ಆ ಕಡತ ಇನ್ನೂ ಸಹಿಯಾಗದೆ ನಿಮ್ಮ ಮೇಜಿಗೆ ಬಂದ ದಿನವೇ ಇದು ನಿಮ್ಮ ಕೈ ಸೇರುತ್ತದೆ. ನಕ್ಷೆಗೂ ಕಂದಾಯದ ರಸೀದಿಗೂ ನಡುವೆ ಈ ಪತ್ರ ಇರುತ್ತದೆ. ಯಾರೋ ಕಿಡಿಗೇಡಿಗಳ ಕೆಲಸ ಎನಿಸಿದರೂ ಸರಿ, ಎದ್ದು ಶಾಲೆಯ ಹಿಂದಕ್ಕೆ ಹೋಗಿ ಬನ್ನಿ. ಬಿಸಿಲಿದ್ದರೆ ತಲೆಗೆ ಟವೆಲು ಹಾಕಿಕೊಳ್ಳಿ. ಬಾವಿ ಕಸ ತುಂಬಿ ಬಿದ್ದಿರಬಹುದು, ಮೇಲೆ ಚಪ್ಪಡಿ ಎಳೆದಿರಬಹುದು, ಹತ್ತಿರದ ಮನೆಯ ಹೆಂಗಸರನ್ನು ಕೇಳಿದರೆ ತೋರಿಸುತ್ತಾರೆ. ನಿಮ್ಮ ಅರ್ಜಿದಾರರಿಗೆ ಪರವಾನಗಿ ಕೊಡಿ, ಬಿಡಿ, ಅದು ನಿಮಗೆ ಬಿಟ್ಟದ್ದು. ‘ಇಲ್ಲಿ ಬಾವಿ ಇದೆ’ ಎಂದು ಒಂದು ಸಾಲು ಬರೆಯಿರಿ.

ಆ ಸಾಲು ಇದ್ದರೆ ನಾನು ಫಕೀರವ್ವನಿಗೆ ಆಗುವುದಿಲ್ಲ ಎನ್ನಬೇಕಾಗುತ್ತದೆ. ಮಗು ತಗಡಿನಡಿ ಹುಟ್ಟುತ್ತದೆ, ತಳದ ನೀರು ಕುಡಿದು ಬೆಳೆಯುತ್ತದೆ. ಅದನ್ನೂ ಯೋಚಿಸಿಯೇ ಕೇಳುತ್ತಿದ್ದೇನೆ. ಅವಳ ಬಾಯಿ ನಿಮಗೆ ಗೊತ್ತಿಲ್ಲ. ಕಚೇರಿಯ ಮುಂದೆ ಬಂದು ನಿಂತು ನನ್ನ ಏಳು ತಲೆಮಾರನ್ನು ಬಯ್ಯುತ್ತಾಳೆ, ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ, ನನ್ನ ಗೋಡೆಗೆ ಒಂದು ಹಿಡಿ ಸುಣ್ಣ ಕೊಡುವುದಿಲ್ಲ. ಬಯ್ಯಲಿ. ಇನ್ನೂ ಇಪ್ಪತ್ತು ವರ್ಷ, ದಿನಾ ಬಂದು ಬಯ್ಯಲಿ.

ಶಿವರುದ್ರಪ್ಪ