ಬರೀ ‘ಪೈಥಾನ್’ ಎಂದರೆ ಯಾವುದು

ಹಂಗಾರಕಟ್ಟೆ, ೯ ಮಾರ್ಚ್ ೨೦೧೧

ನಾವು ಕೆಲವರು ಸೇರಿ ಹೊರತರುವ ಲಿನಕ್ಸ್‌ನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡೂ ಇರಬೇಕು. ಆದರೆ ಬರೀ ‘ಪೈಥಾನ್’ ಎಂದು ಕರೆದರೆ ಯಾವುದು ಓಗೊಡಬೇಕು ಎಂದು ವಾರದಿಂದ ಇಮೇಲಿನಲ್ಲಿ ಜಗಳ. ಅದನ್ನು ಜನರಿಗೆ ಹಂಚಲು ಪ್ಯಾಕೇಜು ಕಟ್ಟುವವನು ನಾನೇ ಎಂಬ ಗತ್ತಿನಲ್ಲಿ ಇವತ್ತು ತೀರ್ಪು ಬರೆದೆ: ಹಳೆಯದೇ ಓಗೊಡಲಿ, ಹೊಸದು ಬೇಕಾದವರು ಹೆಸರಿನ ಕೊನೆಗೆ ಮೂರರ ಅಂಕಿ ಸೇರಿಸಿ ಕರೆಯಲಿ. ಎಲ್ಲರೂ ಒಪ್ಪಿದರು.

ಊಟಕ್ಕೆ ಕೂತರೆ ಬಂಗುಡೆ ಸಾರು ಎರಡು ಪಾತ್ರೆಯಲ್ಲಿತ್ತು. ಒಂದು ಅಮ್ಮನದು, ಇನ್ನೊಂದು ನನ್ನನ್ನು ಮದುವೆಯಾಗಿ ತಿಂಗಳಾದ ಶ್ರೀಲತಾಳದು. ನಾನು ಮೈಮರೆತು “ಸಾರ್ ಹಾಕಿ” ಎಂದೆ.

ಇಬ್ಬರ ಸೌಟೂ ನಿಂತಿತು.

“ಯಾರದ್ದ್ ಮಗಾ?” ಎಂದರು ಅಮ್ಮ.

“ಹೇಳಿ, ನಂಗೆಂತ ಬೇಜಾರಿಲ್ಲೆ,” ಎಂದಳು ಶ್ರೀಲತಾ.

ಮೊಸರನ್ನ ಉಂಡು ಎದ್ದೆ. ಮೊಸರಿಗೆ ಹೆಪ್ಪು ಹಾಕಿದ್ದು ಯಾರೆಂದು ಕೇಳಲಿಲ್ಲ.