ಟಾರ್ಚು ಹೊತ್ತಿಸಿದ ಹನ್ನೆರಡನೆಯವರಿಗೆ

ಜನವರಿ ೧೨, ಸೋಮವಾರ ಬೆಳಿಗ್ಗೆ

ಅಕ್ಕನ ಮನೆಯಲ್ಲಿ ಬೆಚ್ಚಗೆ ಕುಳಿತಿರುವ ನನ್ನ ಯಜಮಾನರಿಗೆ,

ನಾನು ಕ್ಷೇಮ. ನೆಗಡಿಯೂ ಆಗಿಲ್ಲ. ನಿಮಗೆ ಆಗಿರಬೇಕು, ಶನಿವಾರ ರಾತ್ರಿ ಹೊಳೆದಂಡೆಯಲ್ಲಿ ಮೂರು ಸಲ ಸೀನಿದಿರಿ.

ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಂಡಿದ್ದರೆ ಕಾಗದವನ್ನು ಇಲ್ಲಿಗೇ ಮಡಿಸಿಡಿ. ಹೊಳೆಯ ನೀರುನಾಯಿಗಳನ್ನು ತೋರಿಸಲು ನಾನು ನಡೆಸುವ ರಾತ್ರಿ ನಡಿಗೆಗೆ ಬಂದು, ಉಳಿದ ಹನ್ನೊಂದು ಜನರ ಎದುರಿಗೆ ನನ್ನಿಂದ ಬೈಸಿಕೊಂಡಿರಿ. ಬೇರೆ ಯಾರಾಗಿದ್ದರೂ ಬೈಯುತ್ತಿದ್ದೆ. ಹೊರಡುವ ಮೊದಲೇ ಎಲ್ಲರಿಗೂ ಕೆಂಪು ಕಾಗದ ಹಂಚಿ, ಟಾರ್ಚಿನ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಳ್ಳಿ, ಕೆಂಪು ಬೆಳಕಿಗೆ ಪ್ರಾಣಿಗಳು ಬೆದರುವುದಿಲ್ಲ ಎಂದಿದ್ದೆ. ನೀವು ನಿಮ್ಮ ಲೈಟಿನ ಅಂಗಡಿಯ ಅತಿ ದೊಡ್ಡ ಟಾರ್ಚು ತಂದು, ಕಾಗದವನ್ನು ಜೇಬಿಗೆ ಹಾಕಿಕೊಂಡಿರಿ. ಕಾಲ ಮೇಲೆ ಮೊಲ ಹಾರಿದ್ದೇ ತಡ, ಇಡೀ ಹೊಳೆಗೆ ಹಗಲು ಮಾಡಿಬಿಟ್ಟಿರಿ. ನೀರುನಾಯಿಗಳು ಶಿಳ್ಳೆ ಹಾಕಿ ಮುಳುಗಿದವು. ಗಾಬರಿಯಲ್ಲಿ ಟಾರ್ಚು ನಿಮ್ಮ ಕಡೆಗೇ ತಿರುಗಿದಾಗ ಮಂಕಿಕ್ಯಾಪಿನೊಳಗಿನ ಮುಖ ಕಂಡೆ. ಅಲ್ಲಿಯವರೆಗೆ ಅದು ನೀವೆಂದು ನನಗೆ ಗೊತ್ತೇ ಇರಲಿಲ್ಲ.

ನವೆಂಬರಿನಲ್ಲಿ ನೀವಂದದ್ದು ನೆನಪಿದೆಯೇ? ಐವತ್ತು ದಾಟಿದ ಹೆಂಗಸು ಗೂಬೆ ಥರ ಕತ್ತಲಲ್ಲಿ ಅಲೆಯೋದೇನು, ಆ ಕೆಲಸ ಬಿಡು, ಇಲ್ಲಾಂದ್ರೆ ನಾನೇ ಮನೆ ಬಿಡ್ತೀನಿ ಎಂದಿರಿ. ನಾನು ಬಿಡಲಿಲ್ಲ, ನೀವು ಬಿಟ್ಟಿರಿ. ಇಪ್ಪತ್ತಾರು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸೀಸೆ ತೊಳೆದೆ, ಸತ್ತ ಕಪ್ಪೆಗಳ ಮೇಲಿನ ಚೀಟಿ ಓದಿದೆ. ಈಗ ಬದುಕಿರುವುದನ್ನು ತೋರಿಸುವ ಕೆಲಸ ಸಿಕ್ಕಿದೆ. ಸುತರಾಂ ಬಿಡುವುದಿಲ್ಲ. ಇದನ್ನು ನಿಮ್ಮ ಅಕ್ಕನಿಗೂ ಗಟ್ಟಿಯಾಗಿ ಓದಿ ಹೇಳಿ.

ನಿಮ್ಮ ದೆಸೆಯಿಂದ ಎಲ್ಲರೂ ನಲವತ್ತು ನಿಮಿಷ ತಣ್ಣನೆಯ ಕಲ್ಲಿನ ಮೇಲೆ ಕೂರಬೇಕಾಯಿತು. ಗುಂಪಿನಲ್ಲಿದ್ದ ಆ ಬ್ಯಾಂಕಿನ ಮೇಡಂ ಅವರ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಅವರು ಏಳಲಿಲ್ಲ. ಕೊನೆಗೆ ನನ್ನ ಕೆಂಪು ಬೆಳಕಿನಲ್ಲಿ ತಾಯಿ ತಲೆ ಎತ್ತಿತು, ಹಿಂದೆಯೇ ಎರಡು ಮರಿ. ಒಂದು ಮರಿ ಹಿಡಿದ ಮೀನನ್ನು ಜಾರಿಸಿಕೊಂಡು ಪೆಚ್ಚಾಗಿ ನೋಡಿತು. ನೀವು ಬಾಯಿಗೆ ಮಫ್ಲರ್ ಒತ್ತಿಕೊಂಡು ನಕ್ಕಿರಿ. ಎರಡು ತಿಂಗಳಾದ ಮೇಲೆ ಆ ನಗು ಕೇಳಿ ನನಗೆ ಅಳು ಬಂತು. ಕತ್ತಲಿತ್ತು, ಬಚಾವಾದೆ.

ವಾಪಸು ಬರುವಾಗ ಮಾತಾಡಿಸುತ್ತೀರೆಂದು ಕಾದೆ. ನೀವು ಬಸ್ಸಿನ ಹಿಂದಿನ ಸೀಟಿಗೆ ಹೋಗಿ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದಿರಿ. ಗೊರಕೆಯಿಲ್ಲದ ನಿಮ್ಮ ನಿದ್ದೆಯನ್ನು ನಾನು ನಂಬಬೇಕೇ?

ಅಣಕಿಸಲು ಬಂದಿರೋ, ಕಾಯಲು ಬಂದಿರೋ, ಅದು ನಿಮಗೇ ಗೊತ್ತು. ಮುಂದಿನ ನಡಿಗೆ ಇಪ್ಪತ್ತನಾಲ್ಕಕ್ಕೆ, ನಾನಂತೂ ಹೋಗುತ್ತೇನೆ. ಮನೆಯ ಬೀಗ ಬದಲಿಸಿಲ್ಲ. ಎರಡರಲ್ಲಿ ಎಲ್ಲಿಗೆ ಬಂದರೂ ಮುಖ ಮುಚ್ಚಿಕೊಳ್ಳದೆ ಬನ್ನಿ.

ಇಂತಿ,
ನೀವೇ ಹೆಸರಿಟ್ಟ
ಗೂಬೆ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬರುತ್ತಿರುವುದು ನೀವೆಂದು ನನಗೆ ಗುರುವಾರವೇ ಗೊತ್ತಿತ್ತು. ಹೊಳೆಗಿಳಿಯುವ ಮೆಟ್ಟಿಲಿನ ದಾರಿ ಬಿಟ್ಟು ಎಲ್ಲರನ್ನೂ ಸುತ್ತುದಾರಿಯಲ್ಲಿ ಕರೆದುಕೊಂಡು ಹೋದದ್ದು ನಿಮ್ಮ ಮಂಡಿನೋವಿಗಾಗಿ. ನಡಿಗೆಗೆ ಸೇರಲು ಅವತ್ತು ಕಳಿಸಿದ ಅರ್ಜಿಯಲ್ಲಿ ಯಾರದೋ ಹೆಸರು ಬರೆದಿರಿ, ವಯಸ್ಸನ್ನೂ ಐದು ವರ್ಷ ಇಳಿಸಿಕೊಂಡಿರಿ. ಆದರೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದ ಜಾಗದಲ್ಲಿ ನನ್ನ ನಂಬರು ಬರೆದಿದ್ದೀರಿ.