ಲೋಲಾಕ್ಷಿಯ ಹಣೆಯ ಬೊಟ್ಟು

ತೇಲೂರು, ಶಕೆ ಇನ್ನೂರ ಆರು, ದೊಡ್ಡಲೆ ತಿಂಗಳ ನಲವತ್ತೊಂದನೆಯ ದಿನ

ಗಟ್ಟಿ ನೆಲದ ಮೇಲೆ ನಡೆದಾಡುವ ಹಿರಿಯರಿಗೆ ವಾರಿಜಾ ಮಾಡುವ ನಮಸ್ಕಾರ.

ತಾರೀಖು ನೋಡಿ ಗಲಿಬಿಲಿಯಾಗಬೇಡಿ. ನಾವು ಅಲೆಗಳ ಏರಿಳಿತ ನೋಡಿ ತಿಂಗಳು ಲೆಕ್ಕ ಹಾಕುತ್ತೇವೆ. ಕೆಲವು ತಿಂಗಳು ಬೇಗ ಮುಗಿಯುವುದೇ ಇಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಓದಿದ್ದು ಕಡಿಮೆ, ದಿನಚರಿ ಬರೆದಷ್ಟೇ ಅಭ್ಯಾಸ. ಮನ್ನಿಸಿ.

ನಿಮ್ಮ ಕಾಲ ಕಳೆದು, ಕರಾವಳಿಯನ್ನು ಕಡಲು ನುಂಗಿದ ಮೇಲೆ ನಮ್ಮವರು ತೆಪ್ಪಗಳನ್ನು ಒಂದಕ್ಕೊಂದು ಬಿಗಿದು ಊರು ಮಾಡಿಕೊಂಡರು. ಅದೇ ತೇಲೂರು. ಇಲ್ಲಿ ಎಲ್ಲವೂ ತೂಗುತ್ತದೆ. ಅನ್ನದ ಪಾತ್ರೆಯನ್ನು ಒಲೆಗೆ ಕಟ್ಟಿ ಬೇಯಿಸುತ್ತೇವೆ. ಸಾರನ್ನು ಅರ್ಧ ಬಟ್ಟಲಿಗಿಂತ ಹೆಚ್ಚು ಬಡಿಸಿದವಳಿಗೆ ಬೈಗುಳ. ತೊಟ್ಟಿಲು ತೂಗುವ ಕೆಲಸ ಯಾರಿಗೂ ಇಲ್ಲ. ಈ ತೂಗಾಟ ನಮ್ಮ ಕಿವಿಯೊಳಗೆ ಹೇಗೆ ಕೂತುಬಿಟ್ಟಿದೆಯೆಂದರೆ, ಅಲುಗದ ನೆಲಕ್ಕೆ ಕಾಲಿಟ್ಟ ಕೂಡಲೇ ಸುತ್ತಲಿನದೆಲ್ಲ ಗಿರ್ರನೆ ತಿರುಗಿ ಬಿದ್ದುಬಿಡುತ್ತೇವೆ. ಅದಕ್ಕೆ ನೆಲಸುತ್ತು ಎನ್ನುತ್ತೇವೆ. ನೆಲವಿರುವುದು ಮುಳುಗದೆ ಉಳಿದ ಗುಡ್ಡೆಯಲ್ಲಿ ಮಾತ್ರ. ನೆಲಸುತ್ತು ಗೆದ್ದವರು ಅಲ್ಲಿ ಮರ ಬೆಳೆಸುತ್ತಾರೆ, ಸತ್ತವರನ್ನು ಹೂಳುತ್ತಾರೆ. ನಿಮ್ಮ ಕಾಲದ ಒಂದು ವಿಡಿಯೋ ನಮ್ಮ ಶಾಲೆಯಲ್ಲಿದೆ. ಒಬ್ಬ ಹೆಂಗಸು ಬಸ್ಸಿನಿಂದ ಇಳಿದು, ಫೋನಿನಲ್ಲಿ ಯಾರನ್ನೋ ಬೈಯುತ್ತ, ಕಾಲ ಕಡೆ ನೋಡದೆ ರಸ್ತೆ ದಾಟಿ ಹೋಗುತ್ತಾಳೆ. ಚಿಕ್ಕವಳಿದ್ದಾಗಿನಿಂದ ಅವಳನ್ನು ಕಂಡರೆ ನನಗೆ ಹೊಟ್ಟೆಯುರಿ.

ಅದಕ್ಕಿಂತ ದೊಡ್ಡ ಹೊಟ್ಟೆಯುರಿ ಆಮೇಲೆ ಬಂತು. ನೆಲಸುತ್ತಿಗೆ ವ್ಯಾಯಾಮ ಹೇಳಿಕೊಡುವವಳನ್ನು ನಾವು ಪಿಸಿಯಮ್ಮ ಎನ್ನುತ್ತೇವೆ. ನಿಮ್ಮ ಫಿಸಿಯೋ ಎಂಬ ಮಾತೇ ಸವೆದು ಹೀಗಾಗಿದೆಯಂತೆ. ಪಿಸಿಯಮ್ಮ ರೋಗಿಯ ಎದುರು ಕೂತು ತನ್ನ ಹಣೆಯ ಬೊಟ್ಟನ್ನು ನೋಡಲು ಹೇಳುತ್ತಾಳೆ. ತಲೆ ಎಡಕ್ಕೂ ಬಲಕ್ಕೂ ತಿರುಗುತ್ತಿರಬೇಕು, ಕಣ್ಣು ಮಾತ್ರ ಬೊಟ್ಟು ಬಿಡಬಾರದು. ಅದು ಸರಿಯಾದರೆ ನಿಂತು, ಆಮೇಲೆ ಮೆತ್ತೆಯ ಮೇಲೆ ನಿಂತು, ಕೊನೆಗೆ ನಡೆಯುತ್ತ ಅದನ್ನೇ ಮಾಡಬೇಕು. ನಮ್ಮ ಪಿಸಿಯಮ್ಮನ ಹೆಸರು ಲೋಲಾಕ್ಷಿ. ಅಲುಗುವ ಕಣ್ಣಿನವಳು ಎಂದು ಅರ್ಥ. ಅಲುಗದ ಕಣ್ಣು ಕಲಿಸುವವಳಿಗೆ ಆ ಹೆಸರು.

ನನ್ನ ಗಂಡ ದೂಮಪ್ಪನವರಿಗೆ ಗುಡ್ಡೆಯಲ್ಲಿ ಜೀಗುಜ್ಜೆ ಸಸಿ ನೆಡುವ ಕೆಲಸ ಸಿಕ್ಕಿತು. ಒಂದಿಡೀ ಮಳೆಗಾಲ ಅವರು ದಿನಾ ಲೋಲಾಕ್ಷಿಯ ಎದುರು ಕೂತರು. ನಾನು ಎದುರು ತೆಪ್ಪದಲ್ಲಿ ಬಲೆ ಸರಿಮಾಡುತ್ತ ನೋಡುತ್ತಿದ್ದೆ. ಮದುವೆಯಾದಾಗಿನಿಂದ ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದಿಲ್ಲ. ಕೊನೆಗೆ ನಾನೂ ಒಂದು ದೊಡ್ಡ ಬೊಟ್ಟು ಇಟ್ಟುಕೊಂಡು ಊಟಕ್ಕೆ ಬಡಿಸಿದೆ. ಅವರು ತಲೆಯೆತ್ತಿ, "ಹಣೆಗೆ ಎಂತ ಮೆತ್ತಿದ್ದು ಮಾರಾಯ್ತಿ, ಸಾರಾ?" ಎಂದರು.

ಹೋದ ವರ್ಷ ಅವರು ಜ್ವರದಲ್ಲಿ ತೀರಿಕೊಂಡರು. ಅವರೇ ನೆಟ್ಟ ಜೀಗುಜ್ಜೆಯ ಬುಡದಲ್ಲಿ ಹೂತರು. ನಾನು ದೋಣಿಯಿಂದ ಇಳಿದವಳೇ ಬಿದ್ದೆ, ಕಣ್ಣು ಮುಚ್ಚಿಸಿ ಹೊತ್ತು ತಂದರು. ನನ್ನ ಪಾಲಿನ ಹಿಡಿ ಮಣ್ಣನ್ನೂ ಲೋಲಾಕ್ಷಿಯೇ ಹಾಕಿದಳಂತೆ.

ನನ್ನ ಕೈಯಿಂದ ಒಂದು ಹಿಡಿ ಮಣ್ಣು ಬೀಳಲೇಬೇಕು ಎಂದು ಹಟ ಹುಟ್ಟಿತು. ಊರಿಗೆ ಇರುವುದು ಒಬ್ಬಳೇ ಪಿಸಿಯಮ್ಮ, ಬೇರೆ ದಾರಿ ಇರಲಿಲ್ಲ. ಅವಳ ಎದುರು ಕೂತು ಅವಳ ಕಿವಿ ನೋಡಿದೆ, ಗಲ್ಲ ನೋಡಿದೆ. ವಾಂತಿ ಬಂತು.

"ಬೊಟ್ಟು ನೋಡಿ ಅಕ್ಕ. ಅದೆಂತ ಕಚ್ಚುದಿಲ್ಲ," ಎಂದಳು.

ಅವರು ನೋಡಿದ್ದನ್ನು ನನ್ನಿಂದ ನೋಡಲಾಗದು ಎಂದೆ. ಅವಳು ಬೊಟ್ಟು ಕಿತ್ತು ಗೋಡೆಗೆ ಅಂಟಿಸಿದಳು. ಗೋಡೆಯೂ ಆಗುತ್ತದಂತೆ. ಹಾಗಾದರೆ ಅವರಿಗೇಕೆ ಗೋಡೆ ತೋರಿಸಲಿಲ್ಲ ಎಂದು ಕೇಳಿಯೇಬಿಟ್ಟೆ.

"ಗೋಡೆ ನೋಡಿದ್ರೆ ದೂಮಣ್ಣನಿಗೆ ನಿದ್ದೆ ಬರ್ತಿತ್ತು ಅಕ್ಕ. ಗೊರಕೆ ಬೇರೆ."

ನಿಜವೇ. ಕೂತಲ್ಲೇ ನಿದ್ದೆ ಹೋಗುವ ಮನುಷ್ಯ. ನನಗೆ ನಗು ಬಂತು. ಅದು ಅವಳಿಗೂ ಗೊತ್ತಿತ್ತಲ್ಲ ಎಂದು ಕೂಡಲೇ ಮತ್ತೆ ಉರಿಯಿತು.

ಗೋಡೆ ನೋಡಿಕೊಂಡು ಕೂರುವುದು ಕಲಿತೆ, ನಿಲ್ಲುವುದು ಕಲಿತೆ. ಆದರೆ ಗುಡ್ಡೆಯಲ್ಲಿ ಗೋಡೆಯಿಲ್ಲ. ನಿನ್ನೆ ನನ್ನನ್ನು ದೋಣಿಯ ಬಳಿ ನಿಲ್ಲಿಸಿ ಲೋಲಾಕ್ಷಿ ಮುಂದೆ ಹೋಗಿ ಅವರ ಮರದ ಪಕ್ಕ ನಿಂತಳು, ಬೊಟ್ಟು ಇಟ್ಟುಕೊಂಡು. ನನ್ನ ಗಂಡನ ಹತ್ತಿರ ಹೋಗುವುದಕ್ಕೆ ಅವಳ ಹಣೆ ನೋಡುತ್ತಲೇ ಹೋಗಬೇಕಾಯಿತು. ನೆಲ ವಾಲಿತು. ಕಣ್ಣು ಬಿಡಲಿಲ್ಲ. ಮರವನ್ನು ಹಿಡಿದುಕೊಂಡ ಮೇಲೆ, ಇನ್ನು ನೀವು ಹೋಗಿ ಎಂದೆ. ಅವಳು ದೋಣಿಯ ಕಡೆ ಹೊರಟಳು.

ಮಣ್ಣು ಹಾಕಿದೆ. ಅವರ ಹತ್ತಿರ ಬಹಳ ಹೊತ್ತು ಕೂತೆ. ಏಳುವಾಗ ಹೊಳೆಯಿತು, ಮರಳಿ ಹೋಗುವುದು ಯಾವ ಬೊಟ್ಟು ನೋಡಿ? ತಲೆಯೆತ್ತಿದರೆ ಲೋಲಾಕ್ಷಿ ದೋಣಿಗೆ ಹೋಗಿರಲೇ ಇಲ್ಲ. ಅರ್ಧ ದಾರಿಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದಳು. ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದೆ. ತಿರುಗಿದಳು.

ನಿಮ್ಮಲ್ಲಿ ಒಂದು ಕೇಳಿಕೆ. ಈ ಕಾಗದ ಓದಿದ ಮೇಲೆ ಎದ್ದು, ಹೂತವರ ಬಳಿಗೋ ಇರುವವರ ಬಳಿಗೋ, ಯಾರ ಹಣೆಯನ್ನೂ ನೋಡದೆ ನಡೆದುಹೋಗಿ. ಬಸ್ಸಿನಿಂದ ಇಳಿದ ಆ ಹೆಂಗಸು ಸಿಕ್ಕರೆ ಅವಳಿಗೂ ಹೇಳಿ. ನನ್ನ ಹೊಟ್ಟೆಯುರಿ ಇನ್ನೂ ಇದೆ, ಸುಳ್ಳು ಹೇಳಲಾರೆ. ನಾಳೆ ಮತ್ತೆ ಗುಡ್ಡೆಗೆ ಹೋಗುತ್ತೇವೆ, ನಾನೂ ಅವಳೂ.

ವಾರಿಜಾ